ಮುಳುಗಿದ ಊರಿನ ಮೇಲೊಂದು ಹಾಯಿದೋಣಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹುಟ್ಟಿ ಬೆಳೆದವರಿಗೆ ದೋಣಿಯ ಪರಿಚಯ ಕಡಮೆ. ನಮ್ಮದು ಕೆರೆಗಳ ಊರು. ದೊಡ್ಡ ನದಿಯ ದಡದ ಊರಲ್ಲ. ಚಾಮರಾಜಪೇಟೆಯ ನಮ್ಮ ಮನೆಗೆ ಹತ್ತಿರದ ನೀರೆಂದರೆ ಕೆಂಪೇಗೌಡರ ಕಾಲದ ಕೆಂಪಾಂಬುಧಿ. ಧರ್ಮಾಂಬುಧಿಯಿದ್ದ ಕಡೆ ಈಗ ಬಸ್ಸುಗಳು ನಿಲ್ಲುತ್ತವೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಮಲ್ಲೇಶ್ವರದ ಬಂಧುಗಳ ಮನೆಗೆ ಹೋದಾಗ, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಏರಿಯ ಮೇಲೆ ತಿರುಗಾಡಿದ್ದೇ ನನ್ನ ಬಾಲ್ಯದ ಜಲಯಾತ್ರೆ. ಹೀಗಿದ್ದ ನಾನು ಅರವತ್ತು ದಾಟಿದ ಮೇಲೆ ಹಾಯಿದೋಣಿಯ ಸ್ಪರ್ಧೆಯೊಂದರಲ್ಲಿ ಭಾಗಿಯಾದೆನೆಂದರೆ ಓದುಗರು ನಕ್ಕಾರು. ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅದಕ್ಕೆ ಕಾರಣವಿತ್ತು.

ನನ್ನ ಸೋದರಳಿಯ ಚೆನ್ನೈನಲ್ಲಿ ಓದುವಾಗ ಹಾಯಿದೋಣಿ ನಡೆಸುವುದನ್ನು ಕಲಿತವನು. ಕಳೆದ ಮುಂಗಾರಿನಲ್ಲಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಸಣ್ಣ ಸಂಘವೊಂದು ಏರ್ಪಡಿಸಿದ್ದ ಭಾನುವಾರದ ಸ್ಪರ್ಧೆಗೆ ಹೆಸರು ಕೊಟ್ಟಿದ್ದ. ಜೊತೆಗಾರನಾಗಬೇಕಿದ್ದ ಗೆಳೆಯ ಜ್ವರದಿಂದ ಮಲಗಿದ. “ಮಾವ, ನೀವು ಬನ್ನಿ. ಹೇಳಿದಾಗ ಹಗ್ಗ ಎಳೆದರೆ ಸಾಕು” ಎಂದ. ನಾನು ಒಪ್ಪಿದೆ. ಆದರೆ ಎಂಬತ್ತೈದರ ನಮ್ಮ ದೊಡ್ಡತ್ತೆ ಸುದ್ದಿ ಕೇಳಿ ತಟ್ಟೆಯ ಮುಂದಿನಿಂದ ಎದ್ದುಬಿಟ್ಟರು. “ನಮ್ಮ ಮನೆ ಮುಳುಗಿರುವ ನೀರು ಅದು. ಅದರ ಮೇಲೆ ಹೋಗಿ ಆಟ ಆಡುತ್ತೀರಾ?” ಎಂದಷ್ಟೇ ಕೇಳಿ ಒಳಗೆ ಹೋದರು.

ಅವರ ಮಾತು ಸುಳ್ಳಲ್ಲ. ಕನ್ನಂಬಾಡಿಯ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆಯಿತು. ಸುಮಾರು 130 ಅಡಿ ಎತ್ತರದ ಆ ಕಟ್ಟೆಯ ಹಿಂದೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಒಂದಾಗಿ ನಿಂತವು. ಮಂಡ್ಯದ ಬಯಲು ಹಸಿರಾಯಿತು, ಕಬ್ಬು ಬೆಳೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ನಾಡು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಆದರೆ ಹಳೆಯ ಕನ್ನಂಬಾಡಿಯೂ ಸುತ್ತಣ ಹಲವು ಹಳ್ಳಿಗಳೂ ನೀರಿನ ಪಾಲಾದವು. ನನ್ನ ಅಜ್ಜನ ಊರು ಅವುಗಳಲ್ಲೊಂದು. ಹುಡುಗನಾಗಿದ್ದಾಗಲೇ ಊರು ಬಿಟ್ಟ ಅಜ್ಜ ಚಾಮರಾಜಪೇಟೆಯ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಬದುಕು ಕಟ್ಟಿಕೊಂಡರು. ಮೈಸೂರಿಗೆ ಎಷ್ಟು ಸಲ ಹೋದರೂ ಬೃಂದಾವನವನ್ನು ನೋಡಲು ಹೋಗಲಿಲ್ಲ. “ನಮ್ಮ ರಾಗಿ ಹೊಲದಲ್ಲಿ ಈಗ ಮೀನು ಓಡಾಡುತ್ತದೆ” ಎನ್ನುತ್ತಿದ್ದರು. ಮೊಮ್ಮಕ್ಕಳಾದ ನಮ್ಮನ್ನು ಕೆಂಪಾಂಬುಧಿಯ ಮೆಟ್ಟಿಲು ಇಳಿಯಲೂ ಬಿಡುತ್ತಿರಲಿಲ್ಲ.

ಅಳುಕಿನಿಂದಲೇ ಹೊರಟೆ. ನಸುಕಿನಲ್ಲಿ ಮೈಸೂರು ರಸ್ತೆ ಹಿಡಿದು, ಮಂಡ್ಯ ದಾಟಿ, ಇಲವಾಲದ ಮಾರ್ಗವಾಗಿ ಮೀನಾಕ್ಷಿಪುರದ ಕಡೆಯ ದಡ ಸೇರಿದೆವು. ಜಲಾಶಯ ತುಂಬಿತ್ತು. ಪಡುವಣ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ದೂರದಲ್ಲಿ, ಆಗ್ನೇಯಕ್ಕೆ, ಚಾಮುಂಡಿ ಬೆಟ್ಟ. ಅಜ್ಜ ತಮ್ಮ ಊರಬಾಗಿಲಿನ ಗುರುತಾಗಿ ಹೇಳುತ್ತಿದ್ದುದೂ ಅದೇ ಬೆಟ್ಟವನ್ನು.

ನಮ್ಮದು ಎಂಟರ್‌ಪ್ರೈಸ್ ಎಂಬ ಜಾತಿಯ ದೋಣಿ. ಉದ್ದ 13 ಅಡಿಗೆ ಸ್ವಲ್ಪ ಹೆಚ್ಚು. ಇಬ್ಬರ ಸವಾರಿ, ಎರಡು ನೀಲಿ ಹಾಯಿ. ಗಾಳಿ ಹಿಂದಿನಿಂದ ನೂಕಿದರೆ ದೋಣಿ ಮುಂದೆ ಹೋಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಎದುರುಗಾಳಿಗೆ ಹೋಗುವುದು ಹೇಗೆ? ಅಳಿಯ ದಡದ ಮರಳಿನಲ್ಲಿ ಗೆರೆ ಎಳೆದು ವಿವರಿಸಿದ. ಬಾಗಿದ ಹಾಯಿ ಹಕ್ಕಿಯ ರೆಕ್ಕೆಯಂತೆ ಕೆಲಸ ಮಾಡುತ್ತದೆ. ದೋಣಿಯ ನಡುವಿನಿಂದ ನೀರಿಗಿಳಿದ ಹಲಗೆ ಅದು ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಗಾಳಿಗೆ ನೇರ ಎದುರಾಗಿ ಹೋಗಲು ಯಾವ ದೋಣಿಗೂ ಸಾಧ್ಯವಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹಾವಿನಂತೆ ಹರಿದು ಗುರಿ ಮುಟ್ಟಬೇಕು. ಪ್ರತಿ ತಿರುವಿನಲ್ಲೂ ನಾನು ತಲೆ ತಗ್ಗಿಸಿ, ಹಾಯಿಯ ಅಡ್ಡಗೋಲಿನ ಕೆಳಗೆ ನುಸುಳಿ, ಇನ್ನೊಂದು ಅಂಚಿಗೆ ಕುಳಿತು ಭಾರ ಹಾಕಬೇಕು. ಎರಡು ಸಲ ಆ ಕೋಲು ನನ್ನ ತಲೆಗೆ ಬಡಿದು ಪಾಠವನ್ನು ಪಕ್ಕಾ ಮಾಡಿತು.

ಆರಂಭಕ್ಕೆ ಐದು ನಿಮಿಷ ಮುಂಚೆ ಬಾವುಟ ಏರಿತು. ಓಟದ ಪಂದ್ಯದಂತೆ ಇಲ್ಲಿ ಗೆರೆಯ ಮೇಲೆ ನಿಂತು ಕಾಯುವಂತಿಲ್ಲ. ಗಾಳಿ ನಿಲ್ಲಲು ಬಿಡದು. ಹನ್ನೊಂದು ದೋಣಿಗಳೂ ಗೆರೆಯ ಹಿಂದೆ ಸುತ್ತಾಡುತ್ತ ಕ್ಷಣ ಎಣಿಸುತ್ತಿದ್ದವು. ಮುಂಚಿತವಾಗಿ ದಾಟಿದವರು ಹಿಂದಿರುಗಿ ಬರಬೇಕು. ಎದುರುಬದುರಾದಾಗ, ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಉಳಿದವರು ದಾರಿ ಬಿಡಬೇಕು. ಕೂಗುಗಳ ನಡುವೆ ನಾವು ಆರನೆಯವರಾಗಿ ಹೊರಟೆವು. ಗಾಳಿ ನಮ್ಮ ಕಡೆಗಿತ್ತು. ಮೊದಲ ತೇಲುಗುರುತನ್ನು ಸಮೀಪಿಸುವಷ್ಟರಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿದ್ದೆವು. ನನ್ನ ಅಳುಕೆಲ್ಲ ಎಲ್ಲಿ ಹೋಯಿತೋ! ನಾನು ಹುಡುಗನಂತೆ ಕೇಕೆ ಹಾಕುತ್ತಿದ್ದೆ.

ಗುರುತನ್ನು ಎಡಕ್ಕಿಟ್ಟುಕೊಂಡು ಸುತ್ತಬೇಕು. ಹಗ್ಗವನ್ನು ಬಿಡುವುದರಲ್ಲಿ ನಾನು ತಡಮಾಡಿದೆ. ದೋಣಿಯ ಹಿಂಭಾಗ ಆ ಕಿತ್ತಳೆ ಬಣ್ಣದ ತೇಲುಗುರುತಿಗೆ ಮೆಲ್ಲನೆ ಸವರಿತು. ಶಬ್ದವೂ ಆಗಲಿಲ್ಲ. ಮುಂದಿನವರು ಮುಂದಿದ್ದರು, ಹಿಂದಿನವರು ದೂರವಿದ್ದರು, ತೀರ್ಪುಗಾರರ ದೋಣಿ ಆರಂಭದ ಗೆರೆಯ ಬಳಿ ಚುಕ್ಕಿಯಂತಿತ್ತು. “ಯಾರೂ ನೋಡಲಿಲ್ಲ” ಎಂದೆ. ಅಳಿಯ ಉತ್ತರಿಸದೆ ಚುಕ್ಕಾಣಿ ತಿರುಗಿಸಿದ. “ಗುರುತನ್ನು ಮುಟ್ಟಿದರೆ ನಿಂತಲ್ಲೇ ಒಂದು ಪೂರ್ತಿ ಸುತ್ತು ಸುತ್ತಬೇಕು, ಮಾವ. ನೀರಿನ ಮೇಲೆ ಕಾವಲುಗಾರರಿರುವುದಿಲ್ಲ. ತಪ್ಪು ಮಾಡಿದವನೇ ದಂಡ ಕಟ್ಟಿಕೊಳ್ಳಬೇಕು. ಈ ಆಟ ನಿಂತಿರುವುದೇ ಅದರ ಮೇಲೆ.” ದೋಣಿ ಗಾಳಿಗೆ ಮುಖ ಮಾಡಿ, ಬೆನ್ನು ಮಾಡಿ, ತನ್ನ ಸುತ್ತ ತಾನೇ ಒಂದು ಸುತ್ತು ಬಂದಿತು. ಅಷ್ಟರಲ್ಲಿ ಐದು ದೋಣಿಗಳು ನಮ್ಮನ್ನು ದಾಟಿ ಹೋದವು.

ಆ ಸುತ್ತಿನ ನಡುವೆ ಚಾಮುಂಡಿ ಬೆಟ್ಟ ನನ್ನ ಕಣ್ಣೆದುರು ಹಾದುಹೋಯಿತು. ಅಜ್ಜನ ಊರು ಇಲ್ಲೇ ಇತ್ತೋ, ಒಂದೆರಡು ಮೈಲಿ ಆಚೆಗಿತ್ತೋ ಯಾರು ಹೇಳಬೇಕು? ಆದರೂ ಕೈ ತಾನಾಗಿಯೇ ಮುಗಿಯಿತು. ಗುಡಿಯಲ್ಲಿ ನಿಂತಲ್ಲೇ ಸುತ್ತುವ ಆತ್ಮಪ್ರದಕ್ಷಿಣೆಯ ನೆನಪಾಯಿತು. ನಾವು ಸಲ್ಲಿಸಿದ್ದು ದಂಡ. ಸಂದದ್ದು ಬೇರೆ ಏನೋ.

ಮುಂದಿನ ಓಟದಲ್ಲಿ ನನ್ನ ಮನಸ್ಸು ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರ ಕಡೆಗೆ ಹೋಯಿತು. ದೋಣಿ ನಡೆಸುವ ಕಾಯಕದ ಆ ಶರಣರು ತಮ್ಮ ವಚನಗಳಿಗೆ ತಮ್ಮ ಹೆಸರನ್ನೇ ಅಂಕಿತವಾಗಿಟ್ಟರು. ಆಡಿದ ಮಾತಿಗೆ ತಾನೇ ಹೊಣೆಯೆಂದು ಸಹಿ ಹಾಕಿದಂತೆ ಅದು. ತುಂಗಭದ್ರೆಯ ದಡದ ಚೌಡಯ್ಯದಾನಪುರಕ್ಕೆ ಹೋದವರು ಹೊಳೆಯ ಬದಿಯಲ್ಲಿ ಅವರ ಸ್ಮಾರಕವನ್ನು ಕಂಡಿರುತ್ತಾರೆ. ನೀರಿನ ಮೇಲೆ ಬದುಕಿದವರಿಗೆ ಸುಳ್ಳಿನ ಆಸರೆ ಇಲ್ಲವೆಂಬುದು ಆ ದಿನ ನನಗೆ ಸ್ವಲ್ಪ ತಿಳಿಯಿತು.

ಹನ್ನೊಂದು ದೋಣಿಗಳಲ್ಲಿ ನಾವು ಒಂಬತ್ತನೆಯವರಾಗಿ ಮುಗಿಸಿದೆವು. ದಡದಲ್ಲಿ ಉಪ್ಪಿಟ್ಟು ತಿನ್ನುತ್ತ ಹುಡುಗ ಹುಡುಗಿಯರು ದೊಡ್ಡ ಯಾನಗಳ ಮಾತಾಡಿದರು. ನಮ್ಮ ಸೇನೆಯ ಇಂಜಿನಿಯರುಗಳು ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ 1985ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟು, ಭೂಮಿಯನ್ನು ಸುತ್ತಿ, 1987ರ ಜನವರಿಯಲ್ಲಿ ಮರಳಿದ್ದರು. 2017–18ರಲ್ಲಿ ನೌಕಾಪಡೆಯ ಆರು ಮಂದಿ ಮಹಿಳೆಯರು ‘ತಾರಿಣಿ’ಯಲ್ಲಿ ಅದೇ ಸಾಹಸ ಮಾಡಿದರು. ಬೆಂಗಳೂರಿನಲ್ಲೇ, ಹಲಸೂರು ಕೆರೆಯಲ್ಲಿ, ಮದ್ರಾಸ್ ಸ್ಯಾಪರ್ಸ್ ಸೈನಿಕರ ಹಾಯಿಗಳು ಬಿಚ್ಚಿಕೊಳ್ಳುವುದನ್ನು ನಾನು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೆ; ಅರ್ಥ ಈಗ ತಿಳಿಯಿತು.

ರಾತ್ರಿ ಮನೆ ಸೇರಿದಾಗ ಅತ್ತೆ ಎಚ್ಚರವಾಗಿದ್ದರು. “ಗೆದ್ದಿರಾ?” ಎಂದರು. ಅಳಿಯ ನಡೆದುದನ್ನೆಲ್ಲ ಹೇಳಿದ. ಯಾರೂ ನೋಡದ ತಪ್ಪನ್ನೂ ಒಂದು ಸುತ್ತಿನ ದಂಡವನ್ನೂ. ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ನಮ್ಮಪ್ಪನೂ ಅಂಗಡಿಯ ಲೆಕ್ಕದಲ್ಲಿ ಹಾಗೆಯೇ ಇದ್ದರು” ಎಂದರು. ಅಷ್ಟೇ. ಆಟ ಸರಿಯೆಂದೂ ಅನ್ನಲಿಲ್ಲ, ತಪ್ಪೆಂದೂ ಅನ್ನಲಿಲ್ಲ.

ಮರುದಿನ ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದಿತು. 1974ರಿಂದ ಬೆಂಗಳೂರಿನ ದಾಹ ನೀಗುತ್ತಿರುವ ಕಾವೇರಿ ಅದು. ಕನ್ನಂಬಾಡಿಯ ಕಟ್ಟೆಯನ್ನು ದಾಟಿ, ನೂರು ಕಿಲೋಮೀಟರು ದೂರದಿಂದ ಬೆಟ್ಟ ಹತ್ತಿ ಬರುವ ನೀರು. ಅತ್ತೆ ಎಂದಿನಂತೆ ಮೊದಲ ತಂಬಿಗೆಯನ್ನು ಲಿಂಗಪೂಜೆಗೆಂದು ಹಿಡಿದು ಒಳಗೆ ಒಯ್ದರು.