ಸಕ್ಕರೆ ಕಡಿಮೆ ಮಾಡಿದ ಧೈರ್ಯ

19ನೇ ಶತಮಾನದ ಶಾಂಪೇನ್ ಪಾಯಸದಷ್ಟು ಸಿಹಿಯಾಗಿರುತ್ತಿತ್ತು. ರಷ್ಯಾಕ್ಕೆ ಹೋಗುವ ಬಾಟಲಿಗಳಲ್ಲಂತೂ ಲೀಟರಿಗೆ 200 ಗ್ರಾಂ ದಾಟಿ ಸಕ್ಕರೆ. ಇಂದಿನ ಕಡಿಮೆ ಸಿಹಿಯ 'ಬ್ರೂಟ್' ಶಾಂಪೇನ್‌ನಲ್ಲಿ ಅದು 12 ಗ್ರಾಂ ಮೀರುವಂತಿಲ್ಲ. ಈ ಬದಲಾವಣೆಗೆ ದಾರಿ ತೆರೆದವರಲ್ಲಿ ಮುಖ್ಯವಾದ ಹೆಸರು ಫ್ರಾನ್ಸಿನ ರೈಮ್ಸ್ ನಗರದ ಲೂಯಿಸ್ ಪೊಮೆರಿ.

1858ರಲ್ಲಿ ಗಂಡ ತೀರಿಕೊಂಡಾಗ ವೈನ್ ವ್ಯಾಪಾರದ ಹೊಣೆ ಹೊತ್ತವಳು ಆಕೆ. ಇಂಗ್ಲಿಷರಿಗೆ ಸಿಹಿ ಕಡಿಮೆಯಿದ್ದರೆ ಇಷ್ಟ ಎಂಬುದನ್ನು ಗುರುತಿಸಿ 1874ರ ಬೆಳೆಯಿಂದ ಬ್ರೂಟ್ ಮಾಡಿದಳು. ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಸಕ್ಕರೆ ವೈನಿನ ಎಷ್ಟೋ ದೋಷಗಳನ್ನು ಮುಚ್ಚಿಹಾಕುತ್ತದೆ. ಅದನ್ನು ತೆಗೆದರೆ ದ್ರಾಕ್ಷಿ ಚೆನ್ನಾಗಿ ಮಾಗಿರಬೇಕು, ಬಾಟಲಿ ನೆಲಮಾಳಿಗೆಯಲ್ಲಿ ಹೆಚ್ಚು ಕಾಲ ಮಲಗಿರಬೇಕು.

ಆ ನೆಲಮಾಳಿಗೆಯೂ ಆಕೆಯದೇ ಕನಸು. ರೋಮನ್ನರ ಕಾಲದ ಸುಣ್ಣಕಲ್ಲಿನ ಗಣಿಗಳನ್ನು ಕೊಂಡು, ಸುರಂಗಗಳಿಂದ ಒಂದಕ್ಕೊಂದು ಜೋಡಿಸಿದಳು. 116 ಮೆಟ್ಟಿಲು ಇಳಿದರೆ ಸುಮಾರು 30 ಮೀಟರ್ ಆಳದಲ್ಲಿ 18 ಕಿಲೋಮೀಟರ್ ಓಣಿಗಳು. ಬೇಸಿಗೆ, ಚಳಿಗಾಲ ಎನ್ನದೆ ಅಲ್ಲಿ ಹತ್ತು ಡಿಗ್ರಿಯ ಆಸುಪಾಸಿನ ತಂಪು. 2015ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಶಾಂಪೇನ್ ತಾಣಗಳಲ್ಲಿ ಈ ನೆಲಮಾಳಿಗೆಗಳಿರುವ ಸೇಂಟ್ ನಿಕೇಸ್ ಗುಡ್ಡವೂ ಒಂದು.

ಕೆಲಸಗಾರರಿಗೆ ಪಿಂಚಣಿ ನಿಧಿ ಮಾಡಿದವಳು ಆಕೆ. ಹಕ್ಕಲು ಆಯುವ ಬಡ ಹೆಂಗಸರನ್ನು ಚಿತ್ರಿಸಿದ, ಕಲಾವಿದ ಮಿಲೆಯ ಪ್ರಸಿದ್ಧ ಕಲಾಕೃತಿಯನ್ನು ಕೊಂಡು ದೇಶಕ್ಕೆ ಬಿಟ್ಟುಹೋದವಳೂ ಆಕೆಯೇ. ಬ್ರ್ಯಾಂಡಿನ ಪರಂಪರೆ ಎಂದರೆ ಲೇಬಲ್ ಮೇಲಿನ ಹಳೆಯ ಇಸವಿಯಷ್ಟೇ ಅಲ್ಲ. ಹೀಗೆ ಬದುಕಿದವರ ನಿರ್ಧಾರಗಳೇ ನಿಜವಾದ ಪರಂಪರೆ.