ಒಂದು ಟನ್ ತಂಪಿನ ಲೆಕ್ಕ

ಯಾವ ಎ.ಸಿ. ದಿನಕ್ಕೆ ಎಷ್ಟು ಯೂನಿಟ್ ಕರೆಂಟು ತಿನ್ನುತ್ತದೆ ಎಂದು ಅಂದಾಜು ಹಾಕುವುದು ನನಗೆ ಅಚ್ಚುಮೆಚ್ಚು. ಡೆಟ್ರಾಯಿಟ್‌ನಲ್ಲಿ ಜುಲೈ ಬಂತೆಂದರೆ ಕಿಸೆಗೊಂದು ಚಿಕ್ಕ ನೋಟ್‌ಬುಕ್ ಸೇರುತ್ತದೆ. ಈ ಸಲ ಗೆಳೆಯರೊಬ್ಬರು ಕಂಬವೂ ತಂತಿಯೂ ಇಲ್ಲದ ಕಡೆ ಮರದ ಮನೆ ಕೊಂಡಿದ್ದಾರೆ. ಇರುವುದೆಲ್ಲ ಬಿಸಿಲಿನ ಕರೆಂಟು. ಲೆಕ್ಕ ಹಾಕಲು ಇದಕ್ಕಿಂತ ಒಳ್ಳೆಯ ಮನೆ ಉಂಟೇ?

ತಂಪನ್ನು ಟನ್ನಿನಲ್ಲಿ ಅಳೆಯುವ ಪದ್ಧತಿಯೇ ಸೊಗಸು. ಎರಡು ಸಾವಿರ ಪೌಂಡ್ ಮಂಜುಗಡ್ಡೆ ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುತ್ತಾ ಹೀರುವ ಶಾಖವೇ ಒಂದು ಟನ್, ಅಂದರೆ ಗಂಟೆಗೆ 12,000 ಬಿಟಿಯು. ಚಳಿಗಾಲದ ಕೆರೆಗಳಿಂದ ಮಂಜು ಕೊಯ್ದು, ಶಿಕಾಗೋದಿಂದ ಮಾಂಸ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬುತ್ತಿದ್ದ ಕಾಲದ ನೆನಪು ಆ ಅಳತೆಯಲ್ಲಿದೆ. ಡೆಟ್ರಾಯಿಟ್‌ನ ಜೆ.ಎಲ್. ಹಡ್ಸನ್ ಅಂಗಡಿ ಬೇಸ್‌ಮೆಂಟಿನ ಗಿರಾಕಿಗಳಿಗಾಗಿ ಕ್ಯಾರಿಯರ್ ಯಂತ್ರ ಹಾಕಿಸಿದ್ದು 1924ರಲ್ಲಿ.

ಗೆಳೆಯರ ಮಲಗುವ ಕೋಣೆಗೆ ಅರ್ಧ ಟನ್ ಸಾಕು. ಇಇಆರ್ (ಒಂದು ವಾಟಿಗೆ ಗಂಟೆಗೆ ಎಷ್ಟು ಬಿಟಿಯು ಶಾಖ ತೆಗೆಯುತ್ತದೆ ಎಂಬ ಸಂಖ್ಯೆ) 12 ಇರುವ ಯಂತ್ರವಾದರೆ 6,000 ಭಾಗಿಸು 12, ಐನೂರು ವಾಟ್. ಇಲ್ಲಿಯವರೆಗಿನದು ಶಾಲೆಯ ಗಣಿತ. ಇಪ್ಪತ್ತನಾಲ್ಕು ಗಂಟೆಯಲ್ಲಿ ಕಂಪ್ರೆಸರ್ ನಿಜವಾಗಿ ಎಷ್ಟು ಹೊತ್ತು ಓಡುತ್ತದೆ? ರುಚಿ ಇರುವುದು ಈ ಪ್ರಶ್ನೆಯಲ್ಲಿ. ಉತ್ತರ ಯಂತ್ರದ ಮೇಲೆ ಬರೆದಿರುವುದಿಲ್ಲ, ಮನೆಯನ್ನೇ ಕೇಳಬೇಕು. ಪಶ್ಚಿಮದ ಕಿಟಕಿಗೆ ಬಿಸಿಲು ಎಷ್ಟಕ್ಕೆ ಬಡಿಯುತ್ತದೆ, ಅಟ್ಟದ ಹಲಗೆ ರಾತ್ರಿ ಎಷ್ಟು ಹೊತ್ತಿಗೆ ಆರುತ್ತದೆ ಎಂದು ಕೈಯಿಟ್ಟು ನೋಡುತ್ತೇನೆ.

ಸೆಕೆಯದೇ ಬೇರೆ ಲೆಕ್ಕ. ಇಲಿನಾಯ್‌ನ ಜೋಳದ ಹೊಲಗಳು ಜುಲೈನಲ್ಲಿ ಬಿಡುವ ನೀರಾವಿ ಶಿಕಾಗೋದ ಗಾಳಿಯನ್ನು ಮಂಗಳೂರಿನ ಗಾಳಿಯಂತೆ ಭಾರ ಮಾಡುತ್ತದೆ. ಆ ಆವಿಯನ್ನು ನೀರಾಗಿಸಲೂ ಕರೆಂಟು ಬೇಕು. ಎ.ಸಿ. ಕೆಳಗೆ ಬಕೆಟ್ ಇಟ್ಟರೆ ಅದೂ ಕಣ್ಣಿಗೆ ಕಾಣುತ್ತದೆ: ಒಂದು ಲೀಟರ್ ತೊಟ್ಟಿಕ್ಕಿತೆಂದರೆ ಆ ಯಂತ್ರಕ್ಕೆ ಸುಮಾರು 0.2 ಯೂನಿಟ್ ಖರ್ಚು. ಬಕೆಟ್ ತುಂಬುವುದನ್ನು ನೋಡುತ್ತಾ ಕೂರುವುದು ನನಗೆ ಪರಮಸುಖ.

ಸಾಮಾನ್ಯ ಬೇಸಿಗೆಯ ದಿನಕ್ಕೆ ಹತ್ತು ಗಂಟೆಯ ಓಟ ಹಿಡಿದೆ, ಐದು ಯೂನಿಟ್. 400 ವಾಟಿನ ನಾಲ್ಕು ಫಲಕ, ಐದು ಗಂಟೆಯ ಪೂರ್ಣ ಬಿಸಿಲು, ಕಾಲು ಭಾಗ ನಷ್ಟ ಕಳೆದರೆ ಆರು ಯೂನಿಟ್ ಬರುತ್ತದೆ. ರಾತ್ರಿಯ ಮೂರು ಗಂಟೆಯ ಓಟಕ್ಕೆ ತಲಾ 1.28 ಯೂನಿಟ್ ಹಿಡಿಯುವ ಎರಡು ಬ್ಯಾಟರಿ ಸಾಕು.

ಆದರೆ 1995ರ ಜುಲೈ 13ನ್ನು ನಾನು ಲೆಕ್ಕದಿಂದ ಬಿಡಲಾರೆ. ಶಿಕಾಗೋದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಅಂದು 106 ಡಿಗ್ರಿ ಫ್ಯಾರನ್‌ಹೀಟ್. ರಾತ್ರಿಗಳೂ ತಣಿಯಲಿಲ್ಲ, ಆ ವಾರದ ಧಗೆಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಒಂಟಿ ವೃದ್ಧರು. ಅಂಥ ರಾತ್ರಿ ಕಂಪ್ರೆಸರ್ ಹನ್ನೊಂದು ಗಂಟೆ ನಿಲ್ಲದೆ ಓಡಿದರೆ ಬೇಕಾಗುವುದು ಐದು ಬ್ಯಾಟರಿ, ನಷ್ಟಕ್ಕೆಂದು ಇನ್ನೊಂದು ಸೇರಿ ಆರು. ಗೆಳೆಯರ ತಾಯಿಗೆ ಎಂಬತ್ತು ದಾಟಿದೆ, ಬೇಸಿಗೆಗೆ ಮೈಸೂರಿನಿಂದ ಬರುತ್ತಾರೆ. ಆರನ್ನೇ ಬರೆದುಕೊಟ್ಟೆ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಚಪ್ಪರ ಹಾಕಿಸಿ ಎಂದೂ ಸೇರಿಸಿದೆ.