ಎಡಗೈಯ ಕಿರ್ದಿ

ಆಶೀರ್ವಾದ ಮುಗಿದು ಜನ ಅಂಗಳದಲ್ಲಿ ಕೈಕುಲುಕುತ್ತಿರುವಾಗ ನಾವಿಬ್ಬರು ಚರ್ಚಿನ ವೆಸ್ಟ್ರಿಯ ಬಾಗಿಲು ಎಳೆದುಕೊಂಡು ಕಾಣಿಕೆ ಚೀಲಗಳನ್ನು ಮೇಜಿನ ಮೇಲೆ ಬೋರಲು ಹಾಕುತ್ತೇವೆ. ಒಬ್ಬರೇ ಎಣಿಸುವ ಹಾಗಿಲ್ಲ. ಎಣಿಸುವ ಇಬ್ಬರು ಒಂದೇ ಮನೆಯವರಾಗಬಾರದು, ಸಾಧ್ಯವಾದರೆ ನೆಂಟರೂ ಆಗಬಾರದು ಎಂದು ಕಟ್ಟಳೆ. ಕರಾವಳಿಯ ಸಣ್ಣದೊಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ನಮ್ಮವರು ತಮ್ಮತಮ್ಮೊಳಗೇ ಕೊಟ್ಟು ತಂದುಕೊಂಡಿದ್ದಾರೆ. ನೆಂಟನಲ್ಲದವನು ಬೇಕೆಂದರೆ ಮೊನ್ನೆ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರರನ್ನೇ ಹಿಡಿಯಬೇಕು. ಅವರೋ, ಭಾನುವಾರವೂ ನೋಟು ಎಣಿಸಬೇಕೇ ಎಂದು ಜಾರಿಕೊಳ್ಳುತ್ತಾರೆ.

ಇಬ್ಬರು ಬೇಕೆಂಬುದು ಆಡಿಟರುಗಳು ಕಂಡುಹಿಡಿದದ್ದಲ್ಲ. ಬೈಬಲಿನ ಅರಸುಗಳ ಎರಡನೆಯ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಯೆಹೋವಾಷ ಅರಸನಾಗಿ ಇಪ್ಪತ್ತಮೂರನೆಯ ವರ್ಷ ಬಂದರೂ ದೇವಾಲಯದ ರಿಪೇರಿ ಆಗಿರಲಿಲ್ಲ. ಹಣವೆಲ್ಲ ಯಾಜಕರ ಕೈಗೆ ಹೋಗುತ್ತಿತ್ತು. (ನಮ್ಮ ಕಟ್ಟಡ ಸಮಿತಿಯವರಿಗೆ ಬಹಳ ಸಮಾಧಾನ ಕೊಡುವ ಅಧ್ಯಾಯ ಇದು.) ಕೊನೆಗೆ ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಪಕ್ಕದಲ್ಲಿಟ್ಟ. ಹಣ ಸೇರಿದಾಗ ಅರಸನ ಲೇಖಕನೂ ಮಹಾಯಾಜಕನೂ ಕೂಡಿ ಎಣಿಸಿ ಚೀಲ ಕಟ್ಟುತ್ತಿದ್ದರು. ಅರಮನೆಯವನೊಬ್ಬ, ಗುಡಿಯವನೊಬ್ಬ. ಇದು ಅನುಮಾನದ ಏರ್ಪಾಟು ಎಂದು ಕೆಲವರಿಗೆ ಮುನಿಸು. ನನಗೆ ಹಾಗನ್ನಿಸುವುದಿಲ್ಲ. ಒಂಟಿಯಾಗಿ ಎಣಿಸುವವನು ಎಷ್ಟೇ ಪ್ರಾಮಾಣಿಕನಿರಲಿ, ಮಾತು ಬಂದ ದಿನ ಅವನ ಪರವಾಗಿ ಹೇಳಲು ಯಾರಿರುತ್ತಾರೆ? ಯೇಸುಸ್ವಾಮಿಯ ಶಿಷ್ಯರ ಹಣದ ಚೀಲವನ್ನು ಯೂದನೊಬ್ಬನ ಕೈಯಲ್ಲಿ ಬಿಟ್ಟಿದ್ದರು. ಮುಂದಿನದು ಎಲ್ಲರಿಗೂ ಗೊತ್ತು.

ಅಂಗಡಿಯವರು ಒಲ್ಲೆನೆಂದ ಹತ್ತು ರೂಪಾಯಿ ನಾಣ್ಯಗಳೆಲ್ಲ ಕೊನೆಗೆ ದೇವರಲ್ಲಿಗೇ ಬರುತ್ತವೆ. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಸಾರಿತ್ತು. ಅಂಗಡಿಯವರು ಅದನ್ನು ನಂಬಲಿಲ್ಲ, ದೇವರು ನಂಬಿದ. ಟೇಪು ಅಂಟಿಸಿದ ನೋಟುಗಳೂ ಇರುತ್ತವೆ. ಇಪ್ಪತ್ತರ ನೋಟು ಪಕ್ಕದವರಿಗೆ ಕಾಣದಂತೆ ನಾಲ್ಕಾಗಿ ಮಡಚಿಕೊಂಡು ಬರುತ್ತದೆ. ಐನೂರರದು ಅಷ್ಟು ನಾಚುವುದಿಲ್ಲ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದ ಮೇಲಿನ ಭಾನುವಾರ ಮಾತ್ರ, ದಶಮಾಂಶದ ನೆನಪು ಅನೇಕರಿಗೆ ಒಟ್ಟಿಗೇ ಬಂದಿತ್ತು.

ಎಣಿಸಿದ್ದನ್ನು ಮುಖಬೆಲೆಯಂತೆ ಬೇರೆಬೇರೆಯಾಗಿ ಚೀಟಿಯಲ್ಲಿ ಬರೆದು, ಮೊತ್ತವನ್ನು ಅಕ್ಷರದಲ್ಲೂ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಅಷ್ಟರಲ್ಲಿ ಯಾರಾದರೂ ಬಾಗಿಲು ತಟ್ಟುತ್ತಾರೆ: “ಹೂವಿನವನಿಗೆ ಮುನ್ನೂರು ಇದರಿಂದಲೇ ಕೊಡಿ ಮಾರಾಯ್ರೆ, ಮತ್ತೆ ಬರೆದುಕೊಂಡರಾಯಿತು.” ಕೊಡುವುದಿಲ್ಲ. ಬಂದದ್ದು ಬಂದ ಹಾಗೇ ಕಿರ್ದಿಗೆ, ಸೋಮವಾರ ಇಡಿಯಾಗಿ ಬ್ಯಾಂಕಿಗೆ. ಹೂವಿನ ದುಡ್ಡು ಬೇರೆ, ಅದಕ್ಕೊಂದು ವೋಚರು. ಎರಡನ್ನೂ ಕಲೆಸಿದರೆ ಆ ದಿನ ಸಭೆ ಎಷ್ಟು ಕೊಟ್ಟಿತೆಂಬುದು ಯಾವ ಪುಸ್ತಕದಲ್ಲೂ ಸಿಗದು. ಹೂವಿನವನು ಗೊಣಗುತ್ತಾನೆ, ಗೊಣಗಲಿ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸುಸ್ವಾಮಿ ಪರ್ವತದ ಮೇಲೆ ಹೇಳಿದರು. ಸಭೆಯ ಖಜಾಂಚಿ ಎಂದರೆ ಆ ಎಡಗೈ. ತಿಳಿಯದೆ ಅವನಿಗೆ ವಿಧಿಯಿಲ್ಲ. ಚೀಲದ ಹಣಕ್ಕೆ ಹೆಸರಿಲ್ಲ, ಕೃತಜ್ಞತಾ ಕಾಣಿಕೆಯ ಕವರಿಗಿದೆ. ಮೊಮ್ಮಗಳ ಹುಟ್ಟುಹಬ್ಬ, ಪಿಯುಸಿ ಪಾಸು, ಮಂಡಿಯ ಆಪರೇಷನ್ ಸುಸೂತ್ರ ಎಂದು ಬೆನ್ನ ಮೇಲೆ ಬರೆದಿರುತ್ತಾರೆ. ರಸೀದಿ ಹರಿದುಕೊಡಬೇಕು, ಆದರೆ ಯಾರು ಎಷ್ಟು ಎಂಬುದು ವೆಸ್ಟ್ರಿಯ ಹೊಸ್ತಿಲು ದಾಟಬಾರದು. ಸರಕಾರಕ್ಕೂ ಈ ಸಂಕೋಚ ಅರ್ಥವಾದಂತಿದೆ. 2006ರಲ್ಲಿ ಹೆಸರಿಲ್ಲದ ದಾನಗಳಿಗೆ ತೆರಿಗೆ ತಂದಾಗ ಕೇವಲ ಧಾರ್ಮಿಕವಾದ ಸಂಸ್ಥೆಗಳನ್ನು ಅದು ಹೊರಗಿಟ್ಟಿತು. ಹುಂಡಿಯೂ ಉಳಿಯಿತು, ನಮ್ಮ ಚೀಲವೂ ಉಳಿಯಿತು. ಗುಟ್ಟು ಕೆಡಿಸಿದ್ದು ಕ್ಯೂಆರ್ ಕೋಡು. ಅದು ಹೆಸರು, ಮೊತ್ತಗಳ ಜೊತೆಗೆ ಗಂಟೆ ನಿಮಿಷವನ್ನೂ ಹೇಳಿಬಿಡುತ್ತದೆ. ಪ್ರಸಂಗ ನಡೆಯುತ್ತಿರುವಾಗಲೇ ಕಾಣಿಕೆ ಸಲ್ಲಿಸಿ ಮುಗಿಸಿದವರ ಪಟ್ಟಿ ನನ್ನ ಬಳಿಯಿದೆ. ಸಭಾಪಾಲಕರಿಗೆ ತೋರಿಸಿಲ್ಲ.

ಗುಟ್ಟಿನ ಗೊಡವೆಯೇ ಇಲ್ಲದ್ದು ಸುಗ್ಗಿ ಹಬ್ಬದ ಏಲಂ. ಒಂದು ಕುಂಬಳಕಾಯಿಯನ್ನು ಕೂಗಿ ಕೊಂಡವರು ಅಲ್ಲೇ ಸಭೆಗೆ ಮರಳಿ ಕೊಡುತ್ತಾರೆ, ಅದು ಮತ್ತೆ ಏಲಂಗೆ ಬರುತ್ತದೆ. ಒಂದೇ ಕಾಯಿ ಕಿರ್ದಿಯಲ್ಲಿ ಮೂರು ಸಲ ಜಮೆಯಾದದ್ದುಂಟು. ತರಕಾರಿ ವ್ಯಾಪಾರಿಗೆ ಇದನ್ನು ವಿವರಿಸುವುದು ಕಷ್ಟ. ಒಂದು ವರ್ಷ ಗಲ್ಫಿನಿಂದ ರಜೆಗೆ ಬಂದವರೊಬ್ಬರು ಎಲ್ಲರನ್ನೂ ಮೀರಿಸಿ ಎರಡು ಸಾವಿರಕ್ಕೆ ಕೂಗಿ, ಚಪ್ಪಾಳೆಯ ನಡುವೆ “ಬರೆದಿಡಿ” ಎಂದು ಹೇಳಿ ವಿಮಾನ ಹತ್ತಿದರು. ಕಾಯಿ ಸಭಾಪಾಲಕರ ಮನೆಯಲ್ಲಿ ಸಾಂಬಾರಾಯಿತು. ಬಾಕಿ ಪಟ್ಟಿಯಲ್ಲಿ ಅದು ಇನ್ನೂ ಇದೆ. ಆಡಿಟರ್ ಬಂದಾಗಲೆಲ್ಲ ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕೇಳುತ್ತಾರೆ: “ಈ ಕುಂಬಳಕಾಯಿ ವಸೂಲಾಗುವುದುಂಟಾ?”